ಹಳೆಯ ಅಚ್ಚು, ಹೊಸ ಕಾರು: ರಾಂಬ್ಲರ್ ಪ್ರಕರಣ

1958ರ ಆರಂಭದಲ್ಲಿ ಅಮೆರಿಕದ ಒಂದು ಸಣ್ಣ ಕಾರು ಕಂಪನಿ, ತಾನೇ ಎರಡು ವರ್ಷಗಳ ಹಿಂದೆ ನಿಲ್ಲಿಸಿದ್ದ ಮಾದರಿಯನ್ನು ಗೋದಾಮಿನಲ್ಲಿದ್ದ ಹಳೆಯ ಅಚ್ಚುಗಳಿಂದಲೇ ಮತ್ತೆ ಒತ್ತಿ ತೆಗೆದು ಮಾರುಕಟ್ಟೆಗೆ ಬಿಟ್ಟಿತು. ಹಳೆಯ ಮೈ, ಹಳೆಯ ಎಂಜಿನ್. ಮುಂಭಾಗದ ಜಾಲರಿ ಮಾತ್ರ ಹೊಸದು. ಹಿಂದಿನ ಗಾಲಿಗಳ ಮೇಲಿನ ತಗಡನ್ನು ಸ್ವಲ್ಪ ಹೆಚ್ಚು ಕತ್ತರಿಸಿ ತೆರೆದಿದ್ದರು. ಹೆಸರು ರಾಂಬ್ಲರ್ ಅಮೆರಿಕನ್, ಎರಡು ಬಾಗಿಲಿನ ಕಾರಿಗೆ ಬೆಲೆ 1,789 ಡಾಲರ್.

ಅದೇ ಕಾಲದಲ್ಲಿ ಜನರಲ್ ಮೋಟಾರ್ಸ್‌ನ ಷೆವ್ರೊಲೆ ಏನು ಮಾಡುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1957ರ ಷೆವ್ರೊಲೆಗೆ ಒಂದು ಮೈ, 1958ರದಕ್ಕೆ ಸಂಪೂರ್ಣ ಬೇರೆ ಮೈ, 1959ಕ್ಕೆ ಮತ್ತೊಂದು. 1958ರ ಆ ಮೈಯನ್ನು ಒಂದೇ ವರ್ಷ ಬಳಸಿ ಎಸೆದರು. ಹೊಸತನ್ನೇ ಮಾರುವ ಇಂಥ ಮಾರುಕಟ್ಟೆಯಲ್ಲಿ ಹಳೆಯ ಅಚ್ಚಿನ ಕಾರು ಗೆದ್ದಿತು. ಮೂರು ವರ್ಷಗಳಲ್ಲಿ ರಾಂಬ್ಲರ್ ಎಂಬ ಹೆಸರು ಷೆವ್ರೊಲೆ ಮತ್ತು ಫೋರ್ಡ್‌ಗಳ ನಂತರ ಅಮೆರಿಕದ ಮೂರನೆಯ ಸ್ಥಾನಕ್ಕೆ ಏರಿತು. ಅಲ್ಲಿಂದ ಎಂಟು ವರ್ಷಗಳಲ್ಲಿ ಆ ಹೆಸರೇ ಅಮೆರಿಕದ ರಸ್ತೆಗಳಿಗೆ ಹೊಸದಾಗಿ ಬರುವುದು ನಿಂತುಹೋಯಿತು. ಏರಿಕೆ ಮತ್ತು ಇಳಿಕೆ ಎರಡಕ್ಕೂ ಕಾರಣ ಹುಡುಕಿದಾಗ ನನ್ನ ಕೈಗೆ ಮತ್ತೆ ಮತ್ತೆ ಸಿಗುವುದು ಆ ಅಚ್ಚುಗಳೇ. ಆದ್ದರಿಂದ ಈ ಪ್ರಕರಣವನ್ನು ಅಚ್ಚಿನ ಲೆಕ್ಕದಲ್ಲೇ ಓದಲು ಹೊರಟಿದ್ದೇನೆ.

ಅಚ್ಚಿನ ಲೆಕ್ಕ

ಕಾರಿನ ಬಾಗಿಲು, ಬಾನೆಟ್, ಛಾವಣಿ, ಮಡ್‌ಗಾರ್ಡ್ ಇವೆಲ್ಲ ಚಪ್ಪಟೆ ಉಕ್ಕಿನ ತಗಡಾಗಿ ಕಾರ್ಖಾನೆಗೆ ಬರುತ್ತವೆ. ಭಾರಿ ಪ್ರೆಸ್ ಯಂತ್ರದಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚು ಕೂರಿಸಿ ತಗಡನ್ನು ನಡುವೆ ಒತ್ತಿದರೆ ಆಕಾರ ಬರುತ್ತದೆ. ಕಾರ್ಖಾನೆಯವರು ಇದನ್ನು ಡೈ ಎನ್ನುತ್ತಾರೆ. ಒಂದು ಕಾರಿನ ಮೈಗೆ ಇಂಥ ನೂರಾರು ಡೈಗಳು ಬೇಕು. ಪ್ರತಿಯೊಂದನ್ನೂ ನುರಿತ ಕೆಲಸಗಾರರು ಕಡೆದು, ಉಜ್ಜಿ, ಒತ್ತಿ ನೋಡಿ, ಮತ್ತೆ ತಿದ್ದಬೇಕು. ಒಟ್ಟು ಖರ್ಚು ಅಪಾರ.

ಆ ಖರ್ಚಿಗೆ ಒಂದು ವಿಚಿತ್ರ ಗುಣವಿದೆ. ಹತ್ತು ಕಾರು ಮಾಡಿದರೂ ಸಾವಿರ ಕಾರು ಮಾಡಿದರೂ ಡೈಯ ಖರ್ಚು ಹೆಚ್ಚುಕಡಿಮೆ ಅಷ್ಟೇ. ಡೈಗಳಿಗೆ ನೂರು ರೂಪಾಯಿ ಆಯಿತೆಂದುಕೊಳ್ಳೋಣ. ಹತ್ತು ಕಾರು ಮಾರುವವನು ಪ್ರತಿ ಕಾರಿನ ತಲೆಯ ಮೇಲೆ ಹತ್ತು ರೂಪಾಯಿ ಹೊರಿಸಬೇಕು. ನೂರು ಕಾರು ಮಾರುವವನಿಗೆ ಒಂದು ರೂಪಾಯಿ ಸಾಕು. ದೊಡ್ಡವನು ಪ್ರತಿ ವರ್ಷ ಮೈ ಬದಲಿಸಿದರೂ ಉಸಿರಾಡುತ್ತಾನೆ, ಚಿಕ್ಕವನು ಅದೇ ಹೆಜ್ಜೆ ಹಾಕಲು ಹೋದರೆ ಉಸಿರು ಕಟ್ಟುತ್ತದೆ. ಯುದ್ಧದ ನಂತರದ ಅಮೆರಿಕದಲ್ಲಿ ವರ್ಷಕ್ಕೊಂದು ಹೊಸ ರೂಪ ಎಂಬ ಪದ್ಧತಿಯನ್ನು ಗಟ್ಟಿ ಮಾಡಿದ್ದು ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಎಂಬ ಮೂವರು ದೊಡ್ಡವರು. ಉಳಿದವರು ಆ ತಾಳಕ್ಕೆ ಕುಣಿಯಬೇಕಾಯಿತು, ಇಲ್ಲವೇ ಬೇರೆ ತಾಳ ಹುಡುಕಬೇಕಾಯಿತು.

ಕೆನೋಶಾದ ಹೆಸರು

ರಾಂಬ್ಲರ್ ಎಂಬ ಹೆಸರು ಮೊದಲು ಸೈಕಲ್ಲಿನದು. ಥಾಮಸ್ ಜೆಫರಿ ಆ ಹೆಸರಿನ ಸೈಕಲ್ ಮಾಡುತ್ತಿದ್ದವರು. 1902ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಊರಿನಲ್ಲಿ, ಮಿಶಿಗನ್ ಸರೋವರದ ದಡದಲ್ಲಿ, ಅದೇ ಹೆಸರಿನ ಕಾರನ್ನು ಆರಂಭಿಸಿದರು. 1910ರಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿ ಮಗ ಚಾರ್ಲ್ಸ್ ಜೆಫರಿಯ ಕೈಗೆ ಬಂತು. 1915ರಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಲುಸಿಟೇನಿಯಾ ಹಡಗಿನಲ್ಲಿ ಈ ಚಾರ್ಲ್ಸ್ ಇದ್ದರು. ಬದುಕಿ ಬಂದರು, ಆದರೆ ವ್ಯಾಪಾರದಲ್ಲಿ ಅವರಿಗೆ ಮನಸ್ಸು ಉಳಿಯಲಿಲ್ಲ. ಮರುವರ್ಷ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್‌ನ ಮಾಜಿ ಅಧ್ಯಕ್ಷ ಚಾರ್ಲ್ಸ್ ನ್ಯಾಶ್ ಕೊಂಡರು. ಹೀಗೆ ನ್ಯಾಶ್ ಮೋಟಾರ್ಸ್ ಹುಟ್ಟಿತು, ರಾಂಬ್ಲರ್ ಹೆಸರು ಹಲವು ದಶಕ ಮಲಗಿತು.

1937ರಲ್ಲಿ ನ್ಯಾಶ್ ಕಂಪನಿ ಕೆಲ್ವಿನೇಟರ್ ಜೊತೆ ಸೇರಿತು. ಹೌದು, ನಮ್ಮ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ನಿಂತಿದ್ದ ಫ್ರಿಜ್ಜಿನ ಮೇಲಿದ್ದ ಹೆಸರೇ ಅದು. ಕೆಲ್ವಿನೇಟರ್‌ನಿಂದ ಬಂದ ಜಾರ್ಜ್ ಮೇಸನ್ ಕೂಡಿದ ಕಂಪನಿಯ ಮುಖ್ಯಸ್ಥರಾದರು. ಇನ್ನೊಂದು ಹೆಸರು ಕೂಡ ನಮ್ಮವರಿಗೆ ಗೊಂದಲ ಮಾಡಬಹುದು: ನ್ಯಾಶ್‌ನ ದೊಡ್ಡ ಕಾರಿನ ಹೆಸರು ಅಂಬಾಸಿಡರ್. ನಮ್ಮ ಹಿಂದೂಸ್ತಾನ್ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್‌ನ ಸಂತಾನ. ಇವೆರಡಕ್ಕೂ ಹೆಸರಿನ ಹೊರತು ನಂಟಿಲ್ಲ.

ಮೇಸನ್ ಕಾಲದಲ್ಲಿ 1941ರ ನ್ಯಾಶ್ 600 ಬಂತು. ಅದುವರೆಗೆ ಅಮೆರಿಕದ ಕಾರುಗಳಲ್ಲಿ ಉಕ್ಕಿನ ದಪ್ಪ ಚೌಕಟ್ಟು ಕೆಳಗೆ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಮೈ. ನ್ಯಾಶ್ 600ರಲ್ಲಿ ಚೌಕಟ್ಟನ್ನೂ ಮೈಯನ್ನೂ ಒಂದೇ ಆಗಿ ಬೆಸೆದರು. ದೊಡ್ಡ ಪ್ರಮಾಣದಲ್ಲಿ ಹೀಗೆ ತಯಾರಾದ ಅಮೆರಿಕದ ಮೊದಲ ಕಾರುಗಳಲ್ಲಿ ಇದು ಮುಖ್ಯವಾದುದು. ಭಾರ ಇಳಿಯಿತು. 20 ಗ್ಯಾಲನ್ ಟ್ಯಾಂಕಿನಲ್ಲಿ 600 ಮೈಲಿ ಹೋಗುತ್ತದೆ ಎಂಬುದೇ ಹೆಸರಿನ ಅರ್ಥ, ಅಂದರೆ ಲೀಟರಿಗೆ ಸುಮಾರು 12.7 ಕಿಲೋಮೀಟರ್. ಅಂದಿನ ಅಮೆರಿಕಕ್ಕೆ ಇದು ದೊಡ್ಡ ಮಾತು.

1950ರ ಪುಟ್ಟ ಕಾರು

ಮೇಸನ್ ಸ್ವತಃ ಭಾರಿ ಗಾತ್ರದ ಮನುಷ್ಯ, ಅವರ ನಂಬಿಕೆ ಮಾತ್ರ ಸಣ್ಣ ಕಾರಿನ ಮೇಲೆ. ಫೋರ್ಡ್, ಷೆವ್ರೊಲೆಗಳಷ್ಟೇ ಗಾತ್ರದ ಕಾರನ್ನು ಅವುಗಳಷ್ಟೇ ಬೆಲೆಗೆ ಮಾರಲು ಹೊರಟರೆ ಚಿಕ್ಕ ಕಂಪನಿ ಸೋಲುವುದು ಖಚಿತ, ಅವರು ಮಾಡದಿದ್ದುದನ್ನು ನಾವು ಮಾಡಬೇಕು ಎಂಬುದು ಅವರ ವಾದ. 1950ರ ಏಪ್ರಿಲ್‌ನಲ್ಲಿ ನ್ಯಾಶ್ ರಾಂಬ್ಲರ್ ಬಂತು. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ, 100 ಇಂಚು. ಉದ್ದ 176 ಇಂಚು. ಎಂಜಿನ್ 600ರ ವಂಶದ್ದೇ.

ಇಲ್ಲಿ ಮೇಸನ್ ತೋರಿದ ಜಾಣತನವನ್ನು ನಾನು ತುಂಬ ಮೆಚ್ಚುತ್ತೇನೆ. ಸಣ್ಣ ಕಾರನ್ನು ಬಡವರ ಕಾರೆಂದು ಮಾರಿದರೆ ಬಡವರೂ ಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮೊದಲು ಬಿಟ್ಟಿದ್ದು ಬಟ್ಟೆಯ ಛಾವಣಿ ಮಡಚುವ ಕನ್ವರ್ಟಿಬಲ್. ರೇಡಿಯೊ, ಹೀಟರ್, ಗಡಿಯಾರ ಎಲ್ಲ ಸೇರಿ 1,808 ಡಾಲರ್. ಬೇರೆಯವರು ಇವಕ್ಕೆಲ್ಲ ಬೇರೆ ಹಣ ಕೇಳುತ್ತಿದ್ದರು. ಉಕ್ಕಿನ ಕೊರತೆಯಿದ್ದ ಕಾಲದಲ್ಲಿ ಕಡಿಮೆ ಕಾರು ಮಾಡಿ ಪ್ರತಿಯೊಂದರಲ್ಲೂ ಹೆಚ್ಚು ಉಳಿಸಿಕೊಳ್ಳುವ ದಾರಿಯೂ ಇದೇ ಆಯಿತು. ಬೆನ್ನಿಗೇ ಸಾಮಾನು ತುಂಬಲು ಹಿಂಬದಿ ಉದ್ದವಿರುವ ಸ್ಟೇಷನ್ ವ್ಯಾಗನ್ ಬಂತು, ಮಕ್ಕಳೊಂದಿಗರಿಗೆ ಒದಗಿದ್ದು ಅದು.

ಇದೇ ವೇಳೆ ಇನ್ನೂ ಮೂವರು ಸಣ್ಣ ಕಾರಿಗೆ ಕೈ ಹಾಕಿದ್ದರು. ಕೈಸರ್ ಕಂಪನಿಯ ಹೆನ್ರಿ ಜೆ ಅಗ್ಗವಾಗಲೆಂದು ಎಷ್ಟು ಸವೆಸಿಕೊಂಡಿತೆಂದರೆ, ಆರಂಭದ ಕಾರುಗಳಲ್ಲಿ ಡಿಕ್ಕಿಗೆ ಹೊರಗಿನಿಂದ ತೆರೆಯುವ ಮುಚ್ಚಳವೇ ಇರಲಿಲ್ಲ. ಆ ಕಾರು, ವಿಲ್ಲಿಸ್ ಏರೊ, ಹಡ್ಸನ್ ಜೆಟ್ ಮೂರೂ 1955ರ ಹೊತ್ತಿಗೆ ಅಮೆರಿಕದಲ್ಲಿ ಮುಗಿದಿದ್ದವು. ಹಡ್ಸನ್ ಕಂಪನಿಯಂತೂ ಜೆಟ್‌ನ ಡೈಗಳಿಗೆ ಸುರಿದ ಹಣದಿಂದ ಚೇತರಿಸಿಕೊಳ್ಳಲೇ ಇಲ್ಲ.

ಒಬ್ಬರು ತೀರಿಕೊಂಡು, ಇನ್ನೊಬ್ಬರು ಬಂದದ್ದು

1953 ಮತ್ತು 1954ರಲ್ಲಿ ಫೋರ್ಡ್ ಹಾಗೂ ಷೆವ್ರೊಲೆ ಮೊದಲ ಸ್ಥಾನಕ್ಕಾಗಿ ಬಡಿದಾಡಿದವು. ಕಾರುಗಳನ್ನು ಮಿತಿಮೀರಿ ತಯಾರಿಸಿ ಡೀಲರುಗಳ ಅಂಗಳಕ್ಕೆ ನೂಕಿದವು. ಕೋಣಗಳ ಕಾಳಗದಲ್ಲಿ ಗಿಡಕ್ಕೆ ಕುತ್ತು ಎನ್ನುವ ಹಾಗೆ, ಏಟು ಬಿದ್ದದ್ದು ಚಿಕ್ಕ ಕಂಪನಿಗಳಿಗೆ. 1954ರ ಮೇ 1ರಂದು ನ್ಯಾಶ್ ಕೆಲ್ವಿನೇಟರ್ ಮತ್ತು ಹಡ್ಸನ್ ಕೂಡಿ ಅಮೆರಿಕನ್ ಮೋಟಾರ್ಸ್ ಆಯಿತು. ಪ್ಯಾಕರ್ಡ್, ಸ್ಟುಡಿಬೇಕರ್‌ಗಳನ್ನೂ ಮುಂದೆ ಸೇರಿಸಿಕೊಂಡು ನಾಲ್ಕನೆಯ ದೊಡ್ಡ ಕಂಪನಿ ಕಟ್ಟಬೇಕೆಂದು ಮೇಸನ್ ಎಣಿಸಿದ್ದರು. ಅದೇ ಅಕ್ಟೋಬರ್ 8ರಂದು ಅವರು ತೀರಿಕೊಂಡರು.

ಅವರ ಜಾಗಕ್ಕೆ ಬಂದವರು 47 ವರ್ಷದ ಜಾರ್ಜ್ ರಾಮ್ನಿ. ಮೆಕ್ಸಿಕೊದ ಮಾರ್ಮನ್ ವಸತಿಯೊಂದರಲ್ಲಿ ಹುಟ್ಟಿ, ಯೌವನದಲ್ಲಿ ಬ್ರಿಟನ್ನಿನಲ್ಲಿ ಧರ್ಮಪ್ರಚಾರ ಮಾಡಿದ್ದವರು. ಮುಂದೆ ಕಾರು ಮಾರುವಾಗಲೂ ಅವರ ಮಾತಿನಲ್ಲಿ ಆ ಪ್ರಚಾರಕನ ಕಾವು ಹೋಗಿರಲಿಲ್ಲ. ಪ್ಯಾಕರ್ಡ್ ಜೊತೆಗಿನ ವಿಲೀನದ ಮಾತನ್ನು ಅವರು ಬದಿಗಿಟ್ಟರು. ನಾಲ್ಕು ದುರ್ಬಲ ಕಂಪನಿಗಳನ್ನು ಕಟ್ಟಿದರೂ ನಾಲ್ಕು ಬಗೆಯ ಕಾರುಗಳಿಗೆ ನಾಲ್ಕು ಬಗೆಯ ಡೈಗಳೇ ಬೇಕಾಗುತ್ತಿದ್ದವು. ಇರುವ ಹಣವನ್ನೆಲ್ಲ ರಾಂಬ್ಲರ್ ಮೇಲೆ ಹಾಕಬೇಕೆಂದು ನಿರ್ಧರಿಸಿ, 1957ಕ್ಕೆಂದು ಸಿದ್ಧವಾಗುತ್ತಿದ್ದ 108 ಇಂಚು ವೀಲ್‌ಬೇಸಿನ ಹೊಸ ರಾಂಬ್ಲರನ್ನು ಒಂದು ವರ್ಷ ಮೊದಲೇ ತಂದರು. ಹಳೆಯ 100 ಇಂಚಿನ ಕಾರು ಅಲ್ಲಿಗೆ ನಿಂತಿತು. ಅದರ ಡೈಗಳು ಮಾತ್ರ ಉಳಿದವು.

ಮುಂದಿನ ಎರಡು ವರ್ಷ ಭಾರಿ ನಷ್ಟದವು. 1957ರಲ್ಲಿ ನ್ಯಾಶ್ ಮತ್ತು ಹಡ್ಸನ್ ಎಂಬ ಎರಡೂ ಹೆಸರುಗಳನ್ನು ನಿಲ್ಲಿಸಲಾಯಿತು. ಹಡ್ಸನ್ 1909ರಿಂದ ಇದ್ದ ಹೆಸರು. ಅದನ್ನೇ ನಂಬಿದ್ದ ಡೀಲರುಗಳೂ ಅದರ ಡೆಟ್ರಾಯಿಟ್ ಕಾರ್ಖಾನೆ ಆಗಲೇ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವರೂ ಎಷ್ಟೋ ಜನ. ರಾಂಬ್ಲರ್‌ನ ಗೆಲುವನ್ನು ಹೇಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆ ಗೆಲುವಿಗೆ ಹಣ ಒದಗಿದ್ದು ಈ ಮುಚ್ಚುವಿಕೆಗಳಿಂದಲೂ ಹೌದು ಎಂಬುದನ್ನು ಮರೆಯಬಾರದು.

1958

ಆ ವರ್ಷ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ. ದೇಶದ ಒಟ್ಟು ಕಾರು ತಯಾರಿಕೆ 1957ರ ಸುಮಾರು 61 ಲಕ್ಷದಿಂದ ಸುಮಾರು 42 ಲಕ್ಷಕ್ಕೆ ಕುಸಿಯಿತು. ಫೋರ್ಡ್ ಅಬ್ಬರದಿಂದ ತಂದ ಎಡ್ಸೆಲ್ ನೆಲ ಕಚ್ಚುತ್ತಿತ್ತು. ಷೆವ್ರೊಲೆ 209 ಇಂಚು ಉದ್ದವಾಗಿತ್ತು, ಮನೆಯ ಗ್ಯಾರೇಜಿಗೆ ಹಿಡಿಸದಷ್ಟು. 108 ಇಂಚಿನ ರಾಂಬ್ಲರ್‌ನ ಉದ್ದ 191 ಇಂಚು, ಒಳಗೆ ಆರು ಜನ ಕೂರುವಷ್ಟು ಜಾಗ. ಮುಂದಿನ ಸೀಟುಗಳನ್ನು ಹಿಂದಕ್ಕೆ ಮಲಗಿಸಿ ಹಾಸಿಗೆ ಮಾಡಿಕೊಳ್ಳಬಹುದಿತ್ತು, ದೂರ ಪ್ರಯಾಣದ ಕುಟುಂಬಗಳಿಗೆ ಇದು ಅಚ್ಚುಮೆಚ್ಚು. ಬೆಸೆದ ಇಡೀ ಮೈಯನ್ನು ತುಕ್ಕು ತಡೆಯುವ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವ ಕ್ರಮವೂ ಆಗ ಆರಂಭವಾಯಿತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ ಕಾರಿನ ಆಯಸ್ಸನ್ನು ನಿರ್ಧರಿಸುವುದೇ ತುಕ್ಕು.

ಆದರೂ ಇನ್ನೂ ಅಗ್ಗದ ಒಂದು ಕಾರು ಬೇಕಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಮತ್ತಿತರ ವಿದೇಶಿ ಕಾರುಗಳು ಬರತೊಡಗಿದ್ದವು. ಹೊಸ ಡೈ ಮಾಡಿಸಲು ಹಣವಿಲ್ಲ. ಹಾಗಾಗಿ ಹಳೆಯ ಡೈಗಳು ಮತ್ತೆ ಪ್ರೆಸ್ಸಿಗೆ ಏರಿದವು. ಅವುಗಳ ಖರ್ಚು 1950ರಿಂದ 1955ರವರೆಗಿನ ಮಾರಾಟದಲ್ಲೇ ವಸೂಲಾಗಿತ್ತು, ಆದ್ದರಿಂದ ಹೊಸ ಕಾರಿನ ಬೆಲೆಯಲ್ಲಿ ಅದಕ್ಕೆ ಪಾಲಿರಲಿಲ್ಲ. 1950ರ ಮೊದಲ ರಾಂಬ್ಲರ್‌ಗೆ 1,808 ಡಾಲರ್, ಎಂಟು ವರ್ಷಗಳ ನಂತರ ಅದೇ ಮೈಯ ಅಮೆರಿಕನ್‌ಗೆ 1,789. ಮೊದಲನೆಯದರಲ್ಲಿ ಸಜ್ಜು ಹೆಚ್ಚಿತ್ತು, ನಿಜ. ಆದರೂ ನಡುವೆ ಏರಿದ ಕೂಲಿ, ಉಕ್ಕು, ಬೆಲೆಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಮೊದಲ ಅರೆವರ್ಷದಲ್ಲೇ ಸುಮಾರು 30 ಸಾವಿರ ಅಮೆರಿಕನ್‌ಗಳು ತಯಾರಾದವು. ಒಟ್ಟು ರಾಂಬ್ಲರ್ ತಯಾರಿಕೆ ಹಿಂದಿನ ವರ್ಷದ ಸುಮಾರು 91 ಸಾವಿರದಿಂದ 1 ಲಕ್ಷ 62 ಸಾವಿರಕ್ಕೆ ಏರಿತು. ಕಂಪನಿ ಲಾಭಕ್ಕೆ ಬಂತು.

ಹಳೆಯದನ್ನೇ ಜನ ಏಕೆ ಕೊಂಡರು? ರಾಮ್ನಿ ಅದನ್ನು ಹಳೆಯದೆಂದು ಮುಚ್ಚಿಡಲಿಲ್ಲ. ದೊಡ್ಡ ಕಾರುಗಳನ್ನು ಪೆಟ್ರೋಲ್ ಕುಡಿಯುವ ಡೈನೋಸಾರ್‌ಗಳೆಂದು ಊರೂರಿಗೆ ಹೋಗಿ ಸಾರಿದರು. ಸಣ್ಣ ಎಂಬ ಮಾತಿನ ಕೀಳರಿಮೆ ತಪ್ಪಿಸಲು ಕಾಂಪ್ಯಾಕ್ಟ್ ಎಂಬ ಪದವನ್ನು ಮನೆಮಾತಾಗಿಸಿದರು. ಅದೇ ವರ್ಷ ಸೆನೆಟ್‌ನ ಏಕಸ್ವಾಮ್ಯ ವಿರೋಧಿ ಸಮಿತಿಯ ಮುಂದೆ ಹಾಜರಾಗಿ, ಜನರಲ್ ಮೋಟಾರ್ಸ್, ಫೋರ್ಡ್‌ನಂಥ ದೈತ್ಯ ಕಂಪನಿಗಳನ್ನು ಒಡೆಯಬೇಕೆಂದು ವಾದಿಸಿದರು. ಒಂದು ಕಾರು ಕಂಪನಿಯ ಮುಖ್ಯಸ್ಥನ ಬಾಯಿಂದ ಈ ಮಾತು ಬಂದದ್ದು ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಕೊಳ್ಳುವವನಿಗೆ ಮಿತವ್ಯಯವೇ ಹೆಮ್ಮೆಯ ವಿಷಯವಾಯಿತು.

1959ರಲ್ಲಿ ತಯಾರಿಕೆ ಸುಮಾರು 3 ಲಕ್ಷ 74 ಸಾವಿರ. ಆ ಶರತ್ಕಾಲದಲ್ಲಿ ಮೂವರು ದೊಡ್ಡವರೂ ಒಟ್ಟಿಗೆ ಕಾಂಪ್ಯಾಕ್ಟ್ ಕಾರುಗಳನ್ನು ಬಿಟ್ಟರು: ಕಾರ್ವೇರ್, ಫಾಲ್ಕನ್, ವ್ಯಾಲಿಯಂಟ್. ಫಾಲ್ಕನ್ ಒಂದೇ ಮೊದಲ ವರ್ಷ 4 ಲಕ್ಷ ದಾಟಿತು. ರಾಂಬ್ಲರ್ ಮುಳುಗಿತು ಎಂದು ನಂಬಲು ಎಲ್ಲ ಕಾರಣಗಳೂ ಇದ್ದವು. 1960ರಲ್ಲಿ ಅದರ ತಯಾರಿಕೆ ಸುಮಾರು 4 ಲಕ್ಷ 58 ಸಾವಿರಕ್ಕೆ ಏರಿತು! 1961ರಲ್ಲಿ ಮೂರನೆಯ ಸ್ಥಾನ. ಅದೇ ವರ್ಷ ಕಾರ್ಮಿಕ ಸಂಘದೊಂದಿಗೆ ಲಾಭ ಹಂಚಿಕೆಯ ಒಪ್ಪಂದವೂ ಆಯಿತು, ಅಮೆರಿಕದ ಕಾರು ಉದ್ಯಮಕ್ಕೆ ಅದು ಹೊಸ ಹೆಜ್ಜೆ. 1962ರ ಕಾರುಗಳಿಗೆ ಬ್ರೇಕಿನ ಎಣ್ಣೆಯ ಎರಡು ಪ್ರತ್ಯೇಕ ದಾರಿ ಕೊಟ್ಟರು. ಒಂದು ಸೋರಿದರೂ ಇನ್ನೊಂದು ಜೋಡಿ ಗಾಲಿ ನಿಲ್ಲುತ್ತದೆ. ಆಗ ಇದನ್ನು ಕೊಡುತ್ತಿದ್ದ ಇನ್ನೊಂದು ಅಮೆರಿಕನ್ ಕಾರು ಕ್ಯಾಡಿಲಾಕ್.

ಅಮೆರಿಕನ್ ಮಾದರಿಗೆ 1961ರಲ್ಲಿ ಹೊರಗಿನ ತಗಡುಗಳು ಮಾತ್ರ ಬದಲಾದವು. ಒಳಗಿನ ಎಲುಬುಗೂಡು 1950ರದೇ, ಅದು 1963ರವರೆಗೆ ದುಡಿಯಿತು.

ದಾರಿ ಬದಲಾದದ್ದು

1962ರಲ್ಲಿ ರಾಮ್ನಿ ಕಂಪನಿ ಬಿಟ್ಟು ಮಿಶಿಗನ್ ರಾಜ್ಯಪಾಲ ಹುದ್ದೆಗೆ ಚುನಾವಣೆಗೆ ನಿಂತು ಗೆದ್ದರು. ಅಲ್ಲಿ ರಾಜ್ಯಪಾಲರೆಂದರೆ ಜನ ಆರಿಸಿದ ರಾಜ್ಯದ ಮುಖ್ಯಸ್ಥ. ಅವರು ಬಿಟ್ಟುಹೋದ ಕೊನೆಯ ಕೊಡುಗೆ 1963ರ ರಾಂಬ್ಲರ್ ಕ್ಲಾಸಿಕ್. ಡೈಯ ದೃಷ್ಟಿಯಿಂದ ಅದೊಂದು ಸೊಗಸಾದ ಕೆಲಸ: ಬಾಗಿಲ ಚೌಕಟ್ಟಿನ ಇಡೀ ಪಕ್ಕವನ್ನು ಒಂದೇ ತಗಡಿನಲ್ಲಿ ಒತ್ತಿ, ಹಿಂದೆ ಬೆಸೆಯುತ್ತಿದ್ದ 52 ಬಿಡಿಭಾಗಗಳನ್ನು ಕೈಬಿಟ್ಟರು. ಕ್ಲಾಸಿಕ್‌ಗೂ ಅಂಬಾಸಿಡರ್‌ಗೂ ಅದೇ ಮೈ. ಮೋಟಾರ್ ಟ್ರೆಂಡ್ ಪತ್ರಿಕೆಯ ವರ್ಷದ ಕಾರು ಪ್ರಶಸ್ತಿ ಬಂತು. 1964ರ ಹೊಸ ಅಮೆರಿಕನ್‌ನಲ್ಲಿಯೂ ಇದರ ಭಾಗಗಳನ್ನೇ ಹಂಚಿಕೊಂಡರು. ಆ ವರ್ಷ ಬಂದ ಆರು ಸಿಲಿಂಡರಿನ ಹೊಸ ಎಂಜಿನ್ನಿನ ವಂಶ 2006ರವರೆಗೆ ಜೀಪ್‌ಗಳಲ್ಲಿ ಓಡಿತು.

ಹೊಸ ಅಧ್ಯಕ್ಷ ರಾಯ್ ಅಬರ್ನೆಥಿ ಮಾರಾಟ ವಿಭಾಗದಿಂದ ಬಂದವರು. ಅವರನ್ನು ಮೂರ್ಖರೆಂದು ಚಿತ್ರಿಸುವುದು ಅನ್ಯಾಯ. ಯುದ್ಧದ ನಂತರ ಹುಟ್ಟಿದ ಮಕ್ಕಳು ಕಾರು ಕೊಳ್ಳುವ ವಯಸ್ಸಿಗೆ ಬರುತ್ತಿದ್ದರು, ಕೈಯಲ್ಲಿ ಹಣವಿತ್ತು, 1964ರಲ್ಲಿ ಫೋರ್ಡ್‌ನ ಮಸ್ಟಾಂಗ್ ಅವರ ಮನಸ್ಸು ಸೆಳೆದಿತ್ತು. ಕ್ಲಾಸಿಕ್‌ನ ಗಾತ್ರಕ್ಕೇ ಫೋರ್ಡ್ ಫೇರ್‌ಲೇನ್ ಮತ್ತು ಷೆವ್ರೊಲೆ ಷೆವೆಲ್ ಬಂದಿದ್ದವು. ರಾಂಬ್ಲರ್ ಎಂದರೆ ಜಿಪುಣರ, ವಯಸ್ಸಾದವರ ಕಾರು ಎಂಬ ಭಾವನೆ ಬೆಳೆಯುತ್ತಿತ್ತು. ಈ ರೋಗಲಕ್ಷಣಗಳನ್ನು ಅವರು ಸರಿಯಾಗಿಯೇ ಕಂಡರು.

ಔಷಧಿ ಮಾತ್ರ ದೊಡ್ಡವರದಾಯಿತು. 1965ರಲ್ಲಿ ಅಂಬಾಸಿಡರನ್ನು ಕ್ಲಾಸಿಕ್‌ನಿಂದ ಬೇರ್ಪಡಿಸಿ 116 ಇಂಚಿನ ವೀಲ್‌ಬೇಸಿಗೆ ಎಳೆದರು. ಇಳಿಜಾರು ಬೆನ್ನಿನ ಮಾರ್ಲಿನ್ ಬಂತು. 1966ರಲ್ಲಿ ಇವೆರಡರ ಮೇಲಿಂದ ರಾಂಬ್ಲರ್ ಹೆಸರು ತೆಗೆದರು. 1967ಕ್ಕೆ ದೊಡ್ಡ ಕಾರುಗಳಿಗೆಲ್ಲ ಮತ್ತೆ ಹೊಸ ಮೈ. ಮೂರೇ ವರ್ಷಗಳ ಹಿಂದೆ ಒಂದೇ ಮೈಯಿಂದ ಮೂರು ಕೆಲಸ ತೆಗೆಯುತ್ತಿದ್ದ ಕಂಪನಿ ಈಗ ಪ್ರತಿ ಗಿರಾಕಿಗೂ ಬೇರೆ ಬೇರೆ ಮೈ ಒತ್ತಲು ಹೊರಟಿತ್ತು, ಅದೂ ಮಾರಾಟ ಇಳಿಯುತ್ತಿದ್ದಾಗ. ನೂರು ರೂಪಾಯಿಯ ಡೈಯನ್ನು ಹಂಚಿಕೊಳ್ಳುವ ತಲೆಗಳು ಕಡಿಮೆಯಾದವು. 1967ರ ಲೆಕ್ಕದಲ್ಲಿ ನಷ್ಟ ಸುಮಾರು 7 ಕೋಟಿ 58 ಲಕ್ಷ ಡಾಲರ್. ಆ ವರ್ಷದ ಜನವರಿಯಲ್ಲೇ ಅಬರ್ನೆಥಿ ಹುದ್ದೆ ಬಿಟ್ಟಿದ್ದರು.

ಮಿತವ್ಯಯದ ಕಾಲವೇ ಮುಗಿದಿತ್ತು, ಯಾರಿದ್ದರೂ ಹೀಗೇ ಆಗುತ್ತಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1968ರಲ್ಲಿ ಫೋಕ್ಸ್‌ವ್ಯಾಗನ್ ಅಮೆರಿಕದಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರು ಮಾರಿತು. ಅದರಲ್ಲಿ ಬಹುಪಾಲು ಬೀಟಲ್, ವರ್ಷ ವರ್ಷವೂ ಅದೇ ರೂಪ, ಆ ಬದಲಾಗದಿರುವಿಕೆಯನ್ನೇ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ಜಗತ್ತಿನಾದ್ಯಂತ ಮಾರುವ ಫೋಕ್ಸ್‌ವ್ಯಾಗನ್‌ಗೆ ಡೈಯ ಖರ್ಚು ಹಂಚಲು ಅಪಾರ ತಲೆಗಳಿದ್ದವು, ಕೆನೋಶಾಕ್ಕೆ ಅಷ್ಟಿರಲಿಲ್ಲ ಎಂಬುದು ಸರಿ. ಆದರೆ ಬೇಡಿಕೆ ಸತ್ತಿರಲಿಲ್ಲ. ರಾಂಬ್ಲರ್ ಹತ್ತು ವರ್ಷ ಹದ ಮಾಡಿದ ನೆಲದಲ್ಲಿ ಬೆಳೆ ಕೊಯ್ದವರು ಬೇರೆಯವರು.

ಹೊಸದಾಗಿ ಚುಕ್ಕಾಣಿ ಹಿಡಿದ ರಾಯ್ ಚೇಪಿನ್‌ಗೆ ಇದು ಕಂಡಿತು. 1967ರ ಫೆಬ್ರವರಿಯಲ್ಲಿ ಅವರು ಅಮೆರಿಕನ್‌ನ ಬೆಲೆಯನ್ನು ಬೀಟಲ್‌ಗಿಂತ ಸ್ವಲ್ಪವೇ ಹೆಚ್ಚಿರುವಂತೆ 1,839 ಡಾಲರಿಗೆ ಇಳಿಸಿದರು. ಇನ್ನು ಅದರ ರೂಪವನ್ನು ವರ್ಷ ವರ್ಷ ಬದಲಿಸುವುದಿಲ್ಲ, ಡೈಯಲ್ಲಿ ಉಳಿದ ಹಣ ಕೊಳ್ಳುವವರಿಗೆ ಎಂದು ಸಾರಿದರು. ಮೇಸನ್ ಮತ್ತು ರಾಮ್ನಿಯವರ ಲೆಕ್ಕವೇ ಮರಳಿ ಬಂದಿತ್ತು. ಅಷ್ಟರಲ್ಲಿ ಕಂಪನಿಯ ಬೊಕ್ಕಸ ಬರಿದಾಗಿತ್ತು. 1968ರಲ್ಲಿ ಕೆಲ್ವಿನೇಟರ್ ವಿಭಾಗವನ್ನೂ ಮಾರಬೇಕಾಯಿತು.

1969ರಲ್ಲಿ ಅಮೆರಿಕನ್ ಎಂಬ ಬಾಲವನ್ನು ತೆಗೆದು ಕಾರಿಗೆ ಬರೀ ರಾಂಬ್ಲರ್ ಎಂದು ಹೆಸರಿಟ್ಟರು. ಅದರ ಜಾಗಕ್ಕೆ ಹಾರ್ನೆಟ್ ಸಿದ್ಧವಾಗುತ್ತಿತ್ತು. ಜೂನ್ 30ರಂದು ಕೆನೋಶಾದಲ್ಲಿ ಕೊನೆಯ ಕಾರು ಹೊರಬಂತು, ಅದುವರೆಗೆ ತಯಾರಾದ ರಾಂಬ್ಲರ್‌ಗಳ ಸಂಖ್ಯೆ 42 ಲಕ್ಷ ದಾಟಿತ್ತು. ಆ ಕೊನೆಯ ಕಾರಿನ ಮೈ 1964ರ ಅಚ್ಚಿನದೇ.